ಹೊರಗೊಬ್ಬ ನಿಲ್ಲಬೇಕು

ಮದುವೆಯಾದ ಮರುದಿನ ಬೆಳಿಗ್ಗೆ ಗಡಿಯಾರ ರಿಪೇರಿಯವನು ಹೆಂಡತಿಯ ತವರುಮನೆಯ ಬಚ್ಚಲಲ್ಲಿ ತಲೆ ತುಂಬ ಸೋಪಿನ ನೊರೆ ಹೊತ್ತು ಕೂತಿದ್ದಾಗ ಬಾಗಿಲ ಮೇಲೆ ಟಕ್ ಟಕ್ ಎಂದು ಸದ್ದಾಯಿತು. ಯಾರಿಗೋ ಅವಸರವಿರಬೇಕು ಎಂದುಕೊಂಡು ‘ಬಂದೆ, ಬಂದೆ’ ಎಂದ. ಚೊಂಬಿಗೆ ಕೈ ಹಾಕುವಷ್ಟರಲ್ಲಿ ಮತ್ತೆ ಟಕ್ ಟಕ್. ‘ಬಂದೆ ಅಂದೆನಲ್ಲ’ ಎಂದು ಈ ಸಲ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. ಮೂರನೆಯ ಸಲ ತಟ್ಟುವ ಹೊತ್ತಿಗೆ ಕಣ್ಣಿಗೆ ಸೋಪು ಇಳಿದಿತ್ತು, ಉತ್ತರ ಕೊಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹೊರಗೆ ಗುಸುಗುಸು, ಕಾಲುಗಳ ಓಡಾಟ, ‘ಪಕ್ಕಕ್ಕೆ ಸರೀರಿ’ ಎಂಬ ಗಂಡು ದನಿ. ಮರುಕ್ಷಣ ಬಾಗಿಲು ಚೌಕಟ್ಟಿನಿಂದ ಕಿತ್ತುಕೊಂಡು ಒಳಗೆ ಬಂತು. ಬಾಗಿಲಿನ ಮೇಲೆ ಮಾವ ಬಂದರು. ಮಾವನ ಹಿಂದೆ ಅತ್ತೆ, ಬಾಮೈದ, ಹೆಂಡತಿ. ಎಲ್ಲರ ಹಿಂದೆ ಕೋಲೂರಿಕೊಂಡು ಹೆಂಡತಿಯ ಅಜ್ಜಿ.

ಹೊಸ ಅಳಿಯ ಕೈಗೆ ಸಿಕ್ಕಿದ ಚೊಂಬಿನಲ್ಲಿ ಎಷ್ಟು ಮುಚ್ಚಬಹುದೋ ಅಷ್ಟು ಮುಚ್ಚಿಕೊಂಡ.

ಅಜ್ಜಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ‘ಉಸಿರಾಡ್ತಿದ್ದಾನೆ. ನಡೀರಿ, ಚಹಾ ಆರೋಗುತ್ತೆ’ ಎಂದಳು.

ಯಾರಿಗೂ ನಾಚಿಕೆಯಾದಂತೆ ಕಾಣಲಿಲ್ಲ. ಬಾಮೈದ ಬಾಗಿಲನ್ನು ಎತ್ತಿ ಗೋಡೆಗೆ ಒರಗಿಸಿದ. ಅದರ ಮೇಲೆ ಹಳೆಯ ತೇಪೆಗಳು ಒಂದರ ಮೇಲೊಂದು ಕೂತಿದ್ದವು. ಇದು ಆ ಬಾಗಿಲಿಗೆ ಹೊಸದಲ್ಲ ಎಂಬುದು ಅಳಿಯನಿಗೆ ಆಗ ಹೊಳೆಯಿತು.

ಆಮೇಲೆ ಹೆಂಡತಿ ಅವನ ತಲೆ ಒರೆಸುತ್ತ ಹೇಳಿದಳು: ‘ಬಾಯಲ್ಲಿ ಹೇಳಿದ್ರೆ ನಮ್ಮನೇಲಿ ಲೆಕ್ಕಕ್ಕಿಲ್ಲ ರೀ. ಹೊರಗಿಂದ ತಟ್ಟಿದ್ರೆ ಒಳಗಿಂದ ತಟ್ಟಬೇಕು. ನಮ್ಮಜ್ಜನ ಕಾಲದಿಂದ ಹಾಗೇ.’

‘ನಿಮ್ಮಜ್ಜ ಸತ್ತು ಎಷ್ಟೋ ವರ್ಷ ಆಯ್ತು ಅಂದಿದ್ದೆ?’

‘ಅಜ್ಜ ಸತ್ತಿರೋದು. ಬಾಗಿಲುಗಳು ಇನ್ನೂ ಇವೆಯಲ್ಲ.’

ಅಜ್ಜ ಎಂದರೆ ಮಾವನ ಅಪ್ಪ. ಗಿರಣಿಯ ಸುತ್ತಲ ಬೀದಿಗಳಲ್ಲೆಲ್ಲ ಅವನಿಗೆ ಬಾಯ್ಲರಜ್ಜ ಎಂದೇ ಹೆಸರು. ಬಟ್ಟೆ ಗಿರಣಿ ಓಡಲು ಉಗಿ ಬೇಕು, ಉಗಿಗೆ ಬಾಯ್ಲರು ಬೇಕು. ಬಾಯ್ಲರಿನ ಹೊಟ್ಟೆಯಲ್ಲಿ ನೀರು ಕುದಿದು ಕುದಿದು ಗೋಡೆಗೆಲ್ಲ ಸುಣ್ಣದ ಹಕ್ಕಳೆ ಕಟ್ಟುತ್ತದೆ. ಕೆರೆಯದೆ ಬಿಟ್ಟರೆ ಒಂದು ದಿನ ಬಾಯ್ಲರು ಸಿಡಿದು ಗಿರಣಿಯ ಸಮೇತ ಆಕಾಶಕ್ಕೆ ಹೋಗುತ್ತದೆ. ಕೆರೆಯಲು ಯಂತ್ರವಿರಲಿಲ್ಲ, ಅಜ್ಜನಿದ್ದ. ಬೆಂಕಿ ಆರಿಸಿ, ನೀರು ಬಸಿದು, ಕಬ್ಬಿಣದ ಬಿಸಿ ಪೂರ್ತಿ ಇಳಿಯುವ ಮೊದಲೇ, ಸಣಕಲು ಮನುಷ್ಯನೊಬ್ಬ ಮಾತ್ರ ತೂರುವಂಥ ಬಾಯಿಯಲ್ಲಿ ತಲೆ ತೂರಿಸಿ, ಹೆಗಲು ಮಡಚಿ, ಒಳಗಿಳಿದು, ಸುತ್ತಿಗೆಯಿಂದ ಬಡಿದು ಬಡಿದು ಹಕ್ಕಳೆ ಉದುರಿಸಬೇಕು. ಕಬ್ಬಿಣದ ಹೊಟ್ಟೆಯೊಳಗೆ ಕೂತು ಆ ಹೊಟ್ಟೆಯನ್ನೇ ಬಡಿದರೆ ಕಿವಿ ಎಷ್ಟು ದಿನ ಬಾಳೀತು? ಮೀಸೆ ಬಲಿಯುವ ಮೊದಲೇ ಅಜ್ಜನ ಕಿವಿ ಹೋಗಿತ್ತು. ಗಿರಣಿಯವರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಕಿವಿ ಗಿರಣಿಯ ಆಸ್ತಿ ಅಲ್ಲವಲ್ಲ.

ಒಳಗಿದ್ದವನಿಗೂ ಹೊರಗಿದ್ದವನಿಗೂ ನಡುವೆ ಮಾತೆಂದರೆ ತಟ್ಟುವುದೊಂದೇ. ಹೊರಗಿನವನು ಟಕ್ ಟಕ್ ಎಂದರೆ ಒಳಗಿನವನೂ ಟಕ್ ಟಕ್ ಎನ್ನಬೇಕು. ಕಿವಿಗೆ ಕೇಳದಿದ್ದರೂ ಅಂಗೈಗೆ, ಅಂಗಾಲಿಗೆ ತಿಳಿಯುತ್ತದೆ. ಒಂದು ದಿನ ಸೂಪರ್ವೈಸರನಿಗೆ ಚಹಾ ಕುಡಿಯುವ ಮನಸ್ಸಾಯಿತು. ಹೊರಗೆ ನಿಂತಿದ್ದವನನ್ನೇ ಕರೆದು ಕ್ಯಾಂಟೀನಿಗೆ ಓಡಿಸಿದ. ಅದೇ ಹೊತ್ತಿಗೆ ಅಜ್ಜ ಒಳಗೆ ಸುತ್ತಿಗೆ ಕೆಳಗಿಟ್ಟು ಬೆನ್ನು ಚಾಚಿ ಸುಧಾರಿಸಿಕೊಳ್ಳುತ್ತಿದ್ದ. ಮುಟ್ಟಿ ನೋಡಿದಾಗ ಬಡಿಯುವ ಅದುರು ಸಿಗದೆ, ಕೆಲಸ ಮುಗಿಯಿತೆಂದುಕೊಂಡು ಯಾರೋ ಬಾಯಿಗೆ ಮುಚ್ಚಳ ಹಾಕಿ ಬೋಲ್ಟು ಬಿಗಿದರು, ಇನ್ಯಾರೋ ನೀರು ಬಿಟ್ಟರು. ನೀರು ಅಜ್ಜನ ಪಾದ ಮುಟ್ಟಿತು, ಮೊಣಕಾಲಿಗೆ ಬಂತು. ಅಜ್ಜ ಸುತ್ತಿಗೆ ಹುಡುಕಿಕೊಂಡು ಇದ್ದ ಬಲವನ್ನೆಲ್ಲ ಹಾಕಿ ಬಡಿದ. ಹೊರಗಿದ್ದವರಿಗೆ ಕೇಳಬೇಕಲ್ಲ? ಅವರೂ ಅದೇ ಕಸುಬಿನವರು, ಅವರ ಕಿವಿಯೂ ಅಜ್ಜನ ಕಿವಿಯಂಥದೇ. ಗಿರಣಿ ತಾನೇ ಕಿವುಡು ಮಾಡಿದವರನ್ನು ತಾನೇ ಕಾವಲಿಗೆ ಇಟ್ಟುಕೊಂಡಿತ್ತು.

ನೀರು ಸೊಂಟಕ್ಕೆ ಬಂದಾಗ, ಹೊರಗೆ ಕಲ್ಲಿದ್ದಲು ಹಾಕುವವನಿಗೆ ಬೆನ್ನು ತುರಿಸಿತು. ಕೈ ಎಟುಕದ ಜಾಗ. ಬಾಯ್ಲರಿನ ಮೊಳೆಗಳ ಸಾಲಿಗೆ ಬೆನ್ನು ಕೊಟ್ಟು ಎಮ್ಮೆಯ ಹಾಗೆ ಉಜ್ಜಿಕೊಂಡ. ಬೆನ್ನಿಗೆ ದಡ್ ದಡ್ ಎಂದಿತು. ತನ್ನ ಎದೆಯೇ ಹಾಗೆ ಹೊಡೆದುಕೊಳ್ಳುತ್ತಿದೆ, ತನ್ನ ಕಥೆ ಮುಗಿಯಿತು ಎಂದು ಹೆದರಿ ಪಕ್ಕಕ್ಕೆ ಸರಿದ. ನಿಂತಿತು. ಮತ್ತೆ ಒರಗಿದ. ದಡ್ ದಡ್. ‘ಒಳಗ್ಯಾರೋ ಇದ್ದಾರೆ ಕಣ್ರೋ’ ಎಂದು ಅವನು ಕೂಗಿದ್ದೂ ಯಾರಿಗೂ ಕೇಳಲಿಲ್ಲ. ಕೊನೆಗೆ ಒಬ್ಬೊಬ್ಬರನ್ನೇ ಕುತ್ತಿಗೆಪಟ್ಟಿ ಹಿಡಿದು ಎಳೆತಂದು ಅವರ ಬೆನ್ನನ್ನು ಬಾಯ್ಲರಿಗೆ ಒತ್ತಿದನಂತೆ.

ಆ ತುರಿಕೆ ಇಲ್ಲದಿದ್ದರೆ ಮಾವ ಹುಟ್ಟುತ್ತಿರಲಿಲ್ಲ, ಹೆಂಡತಿ ಹುಟ್ಟುತ್ತಿರಲಿಲ್ಲ, ಗಡಿಯಾರ ರಿಪೇರಿಯವನು ಬೇರೆ ಯಾರದೋ ಮನೆಯ ಬಚ್ಚಲಲ್ಲಿ ನೆಮ್ಮದಿಯಾಗಿ ಸ್ನಾನ ಮಾಡುತ್ತಿದ್ದ. ಇವತ್ತಿಗೂ ಆ ಮನೆಯಲ್ಲಿ ಯಾರಾದರೂ ಬೆನ್ನು ಕೆರೆದುಕೊಂಡರೆ ಉಳಿದವರೆಲ್ಲ ‘ನೋಡ್ರೋ, ಯಾರೋ ಒಳಗಿದ್ದಾರೆ’ ಎಂದು ಬಾಗಿಲುಗಳ ಕಡೆ ತಿರುಗುತ್ತಾರೆ.

ಹೊರಗೆ ಬಂದ ಅಜ್ಜ ಸೂಪರ್ವೈಸರನ ಕೆನ್ನೆಗೆ ಬಾರಿಸಲಿಲ್ಲ. ನೀರು ತೊಟ್ಟಿಕ್ಕುತ್ತ ಬಾಯ್ಲರಿನ ಬಾಯಿಯ ಮೇಲೇ ಕೂತುಬಿಟ್ಟ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಹಾಗೆ ಕೂತವನನ್ನು ಎಬ್ಬಿಸದೆ ಮುಚ್ಚಳ ಹಾಕುವಂತಿಲ್ಲ, ಮುಚ್ಚಳ ಹಾಕದೆ ಉಗಿ ಏಳುವಂತಿಲ್ಲ. ‘ಒಳಗೊಬ್ಬ ಹೋದ್ರೆ ಹೊರಗೊಬ್ಬ ನಿಲ್ಲಬೇಕು. ನಿಂತವನಿಗೆ ಬೇರೆ ಕೆಲಸ ಹೇಳಬಾರದು. ಚಹಾಕ್ಕಂತೂ ಕಳಿಸಲೇಬಾರದು’ ಎಂದ.

ಮ್ಯಾನೇಜರ್ ಬಂದು, ‘ಸುಮ್ಮನೆ ನಿಲ್ಲೋನಿಗೂ ಸಂಬಳ ಕೊಡ್ಬೇಕೇನಯ್ಯಾ?’ ಎಂದು ಕೇಳಿದ.

ಅಜ್ಜ ಅವನ ತುಟಿ ನೋಡಿ ಮಾತು ತಿಳಿದುಕೊಂಡ. ‘ಸುಮ್ಮನೆ ಕೂತ್ಕೊಳ್ಳೋಕೆ ನೀವು ತಗೊಳ್ಳಲ್ವಾ ಸ್ವಾಮಿ? ಅವನು ನಿಂತಾದ್ರೂ ಇರ್ತಾನೆ.’

ಅಲ್ಲಿಗೆ ಮುಷ್ಕರ ಶುರುವಾಯಿತು. ಸುಮ್ಮನೆ ನಿಲ್ಲುವವನಿಗಾಗಿ ಇಡೀ ಗಿರಣಿ ಸುಮ್ಮನೆ ನಿಂತಿತು. ಅದು ಗೆದ್ದ ಬಗೆ ಹೇಗೆ ಎಂದು ಅಜ್ಜಿಯನ್ನು ಕೇಳಿದರೆ, ಮ್ಯಾನೇಜರನನ್ನು ಒಳಗಿನ ಸ್ಥಿತಿ ನೋಡಲು ಕರೆದರೆಂದೂ, ಅವನ ಹೊಟ್ಟೆ ಬಾಯ್ಲರಿನ ಬಾಯಲ್ಲಿ ಸಿಕ್ಕಿಕೊಂಡಿತೆಂದೂ, ಅಜ್ಜ ಹೊರಗಿನಿಂದ ಸುತ್ತಿಗೆಯಲ್ಲಿ ಒಂದೇ ಒಂದು ಬಾರಿಸಿದ್ದಕ್ಕೆ ಅವನು ಒಳಗಿಂದಲೇ ಎಲ್ಲದಕ್ಕೂ ಒಪ್ಪಿದನೆಂದೂ ಹೇಳುತ್ತಾಳೆ. ಕೇಳುವವರಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ. ನಿಜ ಇಷ್ಟು ಮೋಜಿನದಲ್ಲ. ಬಾಯ್ಲರು ತಣ್ಣಗಿತ್ತು, ಮಗ್ಗಗಳು ಸತ್ತು ಬಿದ್ದಿದ್ದವು, ಬಟ್ಟೆ ಕೇಳಿದವರು ಬೇರೆ ಗಿರಣಿಗೆ ಹೋಗತೊಡಗಿದರು. ಮಾಲೀಕನಿಗೆ ಮನುಷ್ಯನ ಜೀವ ಅರ್ಥವಾಗದಿದ್ದರೂ ತಣ್ಣಗಿನ ಬಾಯ್ಲರು ಚೆನ್ನಾಗಿ ಅರ್ಥವಾಗುತ್ತದೆ. ಅಂತೂ ಹೊರಗೊಬ್ಬ ನಿಂತ.

ಗಿರಣಿಯಲ್ಲಿ ಗೆದ್ದದ್ದನ್ನು ಅಜ್ಜ ಮನೆಗೂ ತಂದ. ಅಲ್ಲಿಂದಲೇ ಶುರು ಫಜೀತಿ.

ಅಜ್ಜಿ ಹೆರಿಗೆಗೆ ಹೋದಾಗ ಅಜ್ಜ ಬಾಗಿಲ ಹೊರಗೆ ನಿಂತು ತಟ್ಟಿದ. ನರ್ಸು ಹೊರಗೆ ಬಂದು ಬಾಯಿಗೆ ಬಂದಂತೆ ಬೈದಳು. ಅವಳ ಬೈಗುಳ ಅಜ್ಜನಿಗೆ ಕೇಳಲಿಲ್ಲ, ಅಷ್ಟೇ ಅವನ ಪುಣ್ಯ. ಮತ್ತೆ ತಟ್ಟಿದ. ಒಳಗೆ ಅಜ್ಜಿ ನೋವು ತಿನ್ನುತ್ತಲೇ ಕೈಗೆ ಸಿಕ್ಕ ನೀರಿನ ಲೋಟದಿಂದ ಕಬ್ಬಿಣದ ಮಂಚದ ಕಂಬಿಗೆ ಟಕ್ ಟಕ್ ಎಂದು ಹೊಡೆದಳು. ಮಾವ ಹುಟ್ಟಿದ್ದು ಆ ಸದ್ದಿನ ನಡುವೆ. ಮಾವ ದೊಡ್ಡವರಾಗಿ ಪರೀಕ್ಷೆಗೆ ಕೂತಾಗ ಅಜ್ಜ ಶಾಲೆಯ ಗೋಡೆಗೆ ತಟ್ಟಿದ. ಮಾವ ಮೇಜಿಗೆ ತಟ್ಟಿದರು. ಮೇಷ್ಟ್ರು ಇದು ಉತ್ತರ ಸಾಗಿಸುವ ಹೊಸ ಉಪಾಯವೆಂದು ಮಾವನನ್ನು ಹೊರಗೆ ಹಾಕಿದರು. ‘ಹೊರಗೆ ಬಂದೆಯಲ್ಲ, ಜೀವಂತ ಬಂದೆ, ಸಾಕು’ ಎಂದನಂತೆ ಅಜ್ಜ.

ಕೊನೆಗೆ ಆಸ್ಪತ್ರೆಯ ಮುಚ್ಚಿದ ಕೋಣೆಯಲ್ಲಿ ಅಜ್ಜ ಮಲಗಿದಾಗ ಮನೆಯವರೆಲ್ಲ ಸರದಿಯಂತೆ ಹೊರಗೆ ನಿಂತರು. ತಟ್ಟಿದಾಗಲೆಲ್ಲ ಬಾಗಿಲ ಅದುರು ನೆಲದಿಂದ ಮಂಚಕ್ಕೆ, ಮಂಚದಿಂದ ಅವನ ಬೆನ್ನಿಗೆ ಹೋಗುತ್ತಿತ್ತೋ ಏನೋ, ಅವನು ಬೆರಳ ಗೆಣ್ಣಿನಿಂದ ಮಂಚದ ಪಕ್ಕಕ್ಕೆ ತಟ್ಟುತ್ತಿದ್ದ. ಒಂದು ಮಧ್ಯಾಹ್ನ ಅಜ್ಜಿ ತಟ್ಟಿದಾಗ ಉತ್ತರ ಬರಲಿಲ್ಲ. ಡಾಕ್ಟರು ಹೊರಗೆ ಬಂದು, ‘ಸಾಕು ಬಿಡಿ ಅಮ್ಮಾ’ ಎಂದರು. ‘ನಿಮಗೇನ್ ಗೊತ್ತು, ಅವರಿಗೆ ಕಿವಿ ಮಂದ, ನಿಧಾನ’ ಎಂದು ಅಜ್ಜಿ ಇನ್ನೊಂದು ಸಲ ತಟ್ಟಿ, ಕಾದು, ಆಮೇಲೆ ಕೋಲು ತೆಗೆದುಕೊಂಡು ಮನೆಗೆ ಹೊರಟಳು.

ಅಜ್ಜ ಹೋದ, ಅವನ ಕಾವಲು ಮಾತ್ರ ರಕ್ತಕ್ಕೆ ಇಳಿದುಬಿಟ್ಟಿತ್ತು. ಒಬ್ಬರೂ ಬೇಕೆಂದು ಹುಡುಕಿಕೊಂಡು ಹೋದದ್ದಲ್ಲ, ಆದರೆ ಆ ಮನೆಯವರೆಲ್ಲ ಬಾಗಿಲ ಹೊರಗೆ ನಿಲ್ಲುವ ಕೆಲಸಗಳಲ್ಲೇ ಬಂದು ನಿಂತಿದ್ದರು. ಮಾವ ದೊಡ್ಡ ಆಸ್ಪತ್ರೆಯಲ್ಲಿ ಲಿಫ್ಟ್ ನೋಡಿಕೊಳ್ಳುವವರು. ಲಿಫ್ಟ್ ಮೇಲೆ ಹೋಗುವಾಗ ಅದರ ಬಾಗಿಲಿಗೆ ಎರಡು ತಟ್ಟಿಯೇ ಕಳಿಸುತ್ತಿದ್ದರು. ಅತ್ತೆ ಬಟ್ಟೆ ಅಂಗಡಿಯಲ್ಲಿ, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪುಟ್ಟ ಕೋಣೆಗಳ ಮುಂದೆ. ಅವರು ತಟ್ಟುವ ರಭಸಕ್ಕೆ ಒಂದು ತೋಳು ಮಾತ್ರ ತೂರಿಸಿಕೊಂಡ ಹೆಂಗಸರು ಬೆಂಕಿ ಬಿತ್ತೆಂದು ಹೊರಗೆ ಓಡಿಬಂದದ್ದುಂಟು. ಹೆಂಡತಿ ಎಕ್ಸ್‌ರೇ ತೆಗೆಯುವವಳು. ರೋಗಿಯನ್ನು ಒಳಗೆ ಮಲಗಿಸಿ, ‘ಉಸಿರು ಹಿಡೀರಿ, ಅಲ್ಲಾಡಬೇಡಿ’ ಎಂದು ಹೊರಗೆ ಬಂದು, ಮರೆತು ಗೋಡೆಗೆ ತಟ್ಟುವಳು; ರೋಗಿ ಬೆಚ್ಚಿ ಅಲ್ಲಾಡುವನು; ಎಲುಬಿನ ಚಿತ್ರ ಮಂಜುಮಂಜಾಗಿ ಬರುವುದು. ಬಾಮೈದ ಮಾತ್ರ ಒಳಗಿಳಿಯುವವನು. ದೊಡ್ಡ ಕಟ್ಟಡಗಳ ನೀರಿನ ಟ್ಯಾಂಕು ತೊಳೆಯುವುದು ಅವನ ಕೆಲಸ. ಜೊತೆಗಾರ ಮೇಲೆ ನಿಲ್ಲದೆ ಅವನು ಒಂದು ಮೆಟ್ಟಿಲೂ ಇಳಿಯುತ್ತಿರಲಿಲ್ಲ. ಕಂಟ್ರಾಕ್ಟರು ಗೊಣಗಿದರೆ ‘ಹಾಗಾದ್ರೆ ನೀವೇ ಇಳೀರಿ ಅಣ್ಣಾ, ನಾನು ನಿಲ್ತೀನಿ’ ಅನ್ನುತ್ತಿದ್ದ. ಮೇಲೆ ಯಾರೂ ನಿಲ್ಲದ ಟ್ಯಾಂಕುಗಳಿಗೆ, ಗುಂಡಿಗಳಿಗೆ ಇಳಿದು ಹೆಣವಾಗಿ ಬಂದವರನ್ನು ಕಂಡವರಿಗೆ ಅವನ ಮಾತಿನಲ್ಲಿ ತಮಾಷೆ ಕಾಣದು.

ಗಡಿಯಾರ ರಿಪೇರಿಯವನಿಗೆ ಇದೆಲ್ಲ ಸರಿಯೇ. ಆದರೆ ಕಕ್ಕಸಿನಲ್ಲಿ ಕೂತಾಗಲೂ ತಟ್ಟಿದರೆ ಮನುಷ್ಯ ಏನು ಮಾಡಬೇಕು?

ಮದುವೆಗೆ ಮೊದಲು ಅವನು ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದ. ಸಂಜೆ ಬಾಗಿಲು ಹಾಕಿ ಚಿಲಕ ಜಡಿದರೆ ಬೆಳಗಿನವರೆಗೂ ಜಗತ್ತು ಅವನ ಮಟ್ಟಿಗೆ ಸತ್ತಂತೆ, ಅದಕ್ಕಿಂತ ದೊಡ್ಡ ಸುಖ ಅವನಿಗೆ ಗೊತ್ತಿರಲಿಲ್ಲ. ಆ ಕೋಣೆ ಇಬ್ಬರಿಗೆ ಸಾಲದು, ಸೂರು ಬೇರೆ ಸೋರುತ್ತಿತ್ತು. ಬೇರೆ ಮನೆ ಸಿಗುವವರೆಗೆ ಇರಿ ಎಂದು ಮಾವ ಕರೆದದ್ದಕ್ಕೆ ಬಂದಿದ್ದ. ಬಂದು ಸಿಕ್ಕಿಬಿದ್ದಿದ್ದ. ಬಟ್ಟೆ ಬದಲಿಸಲು ಹೋದರೆ ಟಕ್ ಟಕ್. ರಜೆಯ ದಿನ ಕೋಣೆಯ ಬಾಗಿಲೆಳೆದುಕೊಂಡು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಅಕ್ಕಿಕಾಳಿಗಿಂತ ಸಣ್ಣ ಚಕ್ರವೊಂದನ್ನು ಚಿಮುಟದಲ್ಲಿ ಎತ್ತಿ ಇನ್ನೇನು ಕೂರಿಸಬೇಕು, ಟಕ್ ಟಕ್. ಚಕ್ರ ಹಾರಿ ಎಲ್ಲಿ ಹೋಯಿತೋ. ಗಂಡ ಹೆಂಡತಿ ಇಬ್ಬರೂ ಕೋಣೆ ಸೇರಿದರಂತೂ ಕೇಳುವುದೇ ಬೇಡ. ಒಂದು ಸಲ ಹೊರಗಿನಿಂದ ಬಾಮೈದನ ದನಿ: ‘ಟಿಕ್‌ಟಿಕ್ ಭಾವಾ, ನಂಗೆ ಬೇಕಾಗಿಲ್ಲಪ್ಪ, ಅಜ್ಜಿ ತಟ್ಟು ಅಂದ್ರು.’

ಒಂದು ಬೆಳಿಗ್ಗೆ ಅವನು ಹೆಂಡತಿಗೆ ಹೇಳಿಯೇ ಬಿಟ್ಟ. ‘ಒಂದು ಮನೆ ಸಿಕ್ಕಿದೆ. ಗಟ್ಟಿ ಬಾಗಿಲುಗಳಿರೋ ಮನೆ. ಭಾನುವಾರ ನೋಡಿ ಅಲ್ಲೇ ಮಾತು ಕೊಟ್ಟುಬಿಡ್ತೀನಿ. ನೀನು ಬಂದ್ರೆ ಇಬ್ಬರೂ ಇರೋಣ. ಬರದಿದ್ರೆ ನಾನೊಬ್ಬನೇ ಹೋಗ್ತೀನಿ.’

ಹೆಂಡತಿ ಜಡೆ ಹೆಣೆಯುವುದನ್ನು ನಿಲ್ಲಿಸಿದಳು. ‘ಬೆದರಿಸ್ತಿದ್ದೀರಾ?’

‘ಇಲ್ಲ. ಬೇಡ್ಕೊಳ್ತಿದ್ದೀನಿ.’

‘ಬರ್ತೀನಿ ಅಂತಿಟ್ಕೊಳ್ಳಿ. ಅಲ್ಲಿ ಹೊರಗೆ ಯಾರು ನಿಲ್ತಾರೆ?’

‘ಯಾರೂ ನಿಲ್ಲಲ್ಲ. ಅದಕ್ಕೇ ಹೋಗ್ತಿರೋದು.’

ಅವಳು ಮತ್ತೆ ಜಡೆ ಹೆಣೆಯತೊಡಗಿದಳು. ಅವಳಿಲ್ಲದ ಮನೆಯಲ್ಲಿ ಗಟ್ಟಿ ಬಾಗಿಲು ಕಟ್ಟಿಕೊಂಡು ಏನು ಮಾಡುವುದು ಎಂಬುದು ಅವನಿಗೂ ಗೊತ್ತಿರಲಿಲ್ಲ. ‘ನೋಡೋಕಾದ್ರೂ ಬಾ. ಒಬ್ಬಳೇ ಬಾ’ ಎಂದ.

ಆ ಮನೆ ಒಂದು ಓಣಿಯ ಕೊನೆಯಲ್ಲಿ, ಮಹಡಿಯ ಮೇಲಿತ್ತು. ಭಾನುವಾರ ಅವನು ಮುಂದಾಗಿ ಹೋದ, ಹೆಂಡತಿ ಹಿಂದಿನಿಂದ ಬರಬೇಕಿತ್ತು. ಮಾಲೀಕ ಬೀಗದ ವ್ಯಾಪಾರ ಮಾಡಿ ವಯಸ್ಸಾದವನು. ಜಗತ್ತಿನಲ್ಲಿರುವುದು ಎರಡೇ ಜಾತಿ, ಬೀಗ ಹಾಕುವವರು ಮತ್ತು ಕದಿಯುವವರು ಎಂಬುದು ಅವನ ನಂಬಿಕೆ. ‘ಇಬ್ಬರೇ ತಾನೇ?’ ಎಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ಹೆಮ್ಮೆಯಿಂದ ಬಚ್ಚಲ ಬಾಗಿಲು ತೋರಿಸಿದ. ಯಾವುದೋ ಹಳೆಯ ಖಜಾನೆ ಕಟ್ಟಡ ಕೆಡವಿದಾಗ ತಂದದ್ದಂತೆ. ಗೇಣು ದಪ್ಪದ ಮರ, ಮೇಲೆ ಕಬ್ಬಿಣದ ಪಟ್ಟಿ, ಎಳೆದರೆ ಸಾಕು ತಾನೇ ಬೀಳುವ ಚಿಲಕ. ‘ಆನೆ ಗುದ್ದಿದ್ರೂ ಅಲ್ಲಾಡಲ್ಲ. ನೋಡ್ತಿರಿ, ಮೂಲೆ ಅಂಗಡೀಲಿ ಒಂದು ಚಹಾ ಕುಡಿದು ಬರ್ತೀನಿ’ ಎಂದು ಇಳಿದು ಹೋದ.

ಗಡಿಯಾರ ರಿಪೇರಿಯವನು ಒಳಗೆ ಕಾಲಿಟ್ಟು ಬಾಗಿಲು ಎಳೆದ. ಚಿಲಕ ಖಟ್ ಎಂದು ಬಿತ್ತು. ಓಣಿಯ ಸದ್ದು, ಕೆಳಗಿನ ಮನೆಯ ರೇಡಿಯೋ, ಹಕ್ಕಿಗಳು, ಎಲ್ಲವನ್ನೂ ಚಾಕುವಿನಲ್ಲಿ ಕತ್ತರಿಸಿದಂತಾಯಿತು. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. ಮೇಲಿನ ಸಣ್ಣ ಕಿಂಡಿಯಿಂದ ಬಿಸಿಲು ಬರುತ್ತಿತ್ತು. ಯಾರೂ ತಟ್ಟಲಿಲ್ಲ. ಅವನಿಗೆ ಒಳಗೊಳಗೇ ನಗು ಬಂತು. ಗಟ್ಟಿಯಾಗಿ ನಕ್ಕ. ಯಾರೂ ‘ಏನಾಯ್ತು’ ಎನ್ನಲಿಲ್ಲ. ಒಂದು ಹಾಡಿನ ಅರ್ಧ ಸಾಲು ಹಾಡಿದ. ಬಕೆಟ್ಟಿನ ಮೇಲೆ ಕೂತೇ ಕಾಲು ಕುಣಿಸಿದ. ಇಲ್ಲೇ ಇದ್ದುಬಿಡಬೇಕು, ಹಾಸಿಗೆಯನ್ನೂ ಬಚ್ಚಲಲ್ಲೇ ಹಾಕಬೇಕು ಎನ್ನಿಸಿತು.

ಸಾಕಷ್ಟು ಸುಖಪಟ್ಟ ಮೇಲೆ ಎದ್ದು ಹಿಡಿ ತಿರುಗಿಸಿದ. ಅದು ಬುಗುರಿಯ ಹಾಗೆ ಗಿರಗಿರ ತಿರುಗಿತು, ಚಿಲಕ ಮಾತ್ರ ಕದಲಲಿಲ್ಲ. ಒಳಗಿನ ಹಿಡಿಯನ್ನೂ ಹೊರಗಿನ ಹಿಡಿಯನ್ನೂ ಸೇರಿಸುವ ಕಂಬಿಯ ಪಿನ್ನು ಸವೆದು ಹೋಗಿದೆ ಎಂದು ಅವನಿಗೆ ತಿಳಿಯಿತು. ತಿಳಿದು ಏನು ಬಂತು, ಇಕ್ಕಳ ಅಂಗಡಿಯಲ್ಲಿತ್ತು. ಕೂಗಿದ. ಆ ಮರ ಅವನ ದನಿಯನ್ನು ನುಂಗಿ ನೀರು ಕುಡಿಯಿತು. ಮಾಲೀಕನ ಚಹಾ ಮುಗಿಯುವ ಲಕ್ಷಣವಿರಲಿಲ್ಲ. ಬೆವರು ಕಿತ್ತುಕೊಂಡು ಬಂತು. ತನಗರಿವಿಲ್ಲದೆ ಬಾಗಿಲಿಗೆ ಟಕ್ ಟಕ್ ಎಂದು ತಟ್ಟಿದ. ತಟ್ಟಿದ ಮೇಲೆ ತನ್ನ ಕೈಯನ್ನೇ ನೋಡಿಕೊಂಡ.

ಸ್ವಲ್ಪ ಹೊತ್ತಾದ ಮೇಲೆ, ಹೊರಗಿನಿಂದ ಟಕ್ ಟಕ್.

ಅವನ ಜೀವಮಾನದಲ್ಲಿ ಯಾವ ಗಡಿಯಾರದ ಸದ್ದೂ ಅಷ್ಟು ಇಂಪಾಗಿ ಕೇಳಿರಲಿಲ್ಲ. ತಟ್ಟಿದ, ಗುದ್ದಿದ, ಒದ್ದ. ಹೊರಗಿನ ಹಿಡಿ ಜೋರಾಗಿ ತಿರುಗಿತು, ಬಾಗಿಲು ತೆರೆಯಿತು. ಎದುರಿಗೆ ಹೆಂಡತಿ. ಅವಳ ಪಕ್ಕದಲ್ಲಿ, ಕಿತ್ತು ಬಂದ ಹಿಡಿಯನ್ನು ಕಂಬಿಯ ಸಮೇತ ಕೈಯಲ್ಲಿ ಹಿಡಿದ ಮಾವ. ಹಿಂದೆ ಅತ್ತೆ, ಬಾಮೈದ, ಅಜ್ಜಿ.

‘ಒಬ್ಬಳೇ ಬಾ ಅಂದಿದ್ದೆ.’

‘ಒಬ್ಬಳೇ ಒಳಗೆ ಬಂದ್ರೆ ಹೊರಗೆ ಒಬ್ಬರು ಬೇಡ್ವಾ? ಅದಕ್ಕೆ ಅಜ್ಜಿ ಬಂದ್ರು. ಅಜ್ಜಿ ಮಹಡಿ ಹತ್ತಬೇಕಲ್ಲ, ಅಪ್ಪ ಬಂದ್ರು. ಅಪ್ಪ ಬಂದ್ಮೇಲೆ ಅಮ್ಮ ಬಿಡ್ತಾರಾ?’

‘ನಾನು ಸುಮ್ಮನೆ ಬಂದೆ ಭಾವ’ ಎಂದ ಬಾಮೈದ.

ಅಜ್ಜಿಗೆ ಮಾತು ಬೇಕಿರಲಿಲ್ಲ. ‘ನಮ್ಮ ಅಳಿಯನ್ನ ನುಂಗಿದ್ದು ಇದೇನಾ? ನೋಡೋಣ’ ಎಂದು ಕೋಲು ಮುಂದೆ ಮಾಡಿ ಬಚ್ಚಲೊಳಗೆ ಹೋದಳು. ನೆಲ ಜಾರುತ್ತದೆಂದು ಅತ್ತೆ ಅವಳ ರೆಟ್ಟೆ ಹಿಡಿದು ಒಳಗೆ ಹೋದರು. ಕಂಬಿ ಎಲ್ಲಿ ಕೂರಬೇಕೆಂದು ಒಳಗಿನಿಂದ ನೋಡಲು ಮಾವ ಹೋದರು. ಮೇಲಿನ ನೀರಿನ ಪೈಪು ಹೇಗಿದೆಯೆಂದು ಬಾಮೈದ ಹೋದ. ‘ಸಾಕು ಬನ್ನಿ ಎಲ್ಲ, ಮಾಲೀಕರು ಬಂದ್ರೆ ಏನಂದಾರು’ ಎಂದು ಕರೆಯಲು ಹೆಂಡತಿ ಹೋದಳು. ಅಳಿಯ ಕಳಚಿದ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ್ದ. ಯಾರ ಮೊಣಕೈ ತಗುಲಿತೋ, ಆ ಖಜಾನೆಯ ಬಾಗಿಲು ತನ್ನ ಭಾರಕ್ಕೆ ತಾನೇ ನಿಧಾನವಾಗಿ ತಿರುಗಿ, ಖಟ್ ಎಂದಿತು.

ಒಳಗೆ ಏನೋ ಲೋಹ ನೆಲಕ್ಕೆ ಬಿದ್ದು ಉರುಳಿದ ಸದ್ದು, ಆಮೇಲೆ ಮಾವನ ಕ್ಷೀಣ ದನಿ: ‘ಹಿಡಿ ತೂಬಿನೊಳಗೆ ಹೋಯ್ತು.’

ಅಳಿಯ ಬಾಗಿಲಿಗೆ ಕಿವಿ ಒತ್ತಿದ. ಹಿಡಿ ಕಿತ್ತ ತೂತಿನಿಂದ ಒಳಗಿನ ಮಾತು ಸಣ್ಣಗೆ ಸೋರಿ ಬರುತ್ತಿತ್ತು.

‘ಹೊರಗೆ ಯಾರಿದ್ದೀರಿ?’ ಅಜ್ಜಿಯ ದನಿ.

‘ನಾನು ಒಳಗಿದ್ದೀನಿ ಅತ್ತೆ.’ ಅದು ಅಜ್ಜಿಯ ಸೊಸೆ.

‘ನಾನೂ ಒಳಗೇ ಅಮ್ಮ’ ಎಂದರು ಮಾವ.

‘ಅಜ್ಜಿ, ನಾನು ನಿಮ್ಮ ಕಾಲ ಮೇಲೇ ನಿಂತಿದ್ದೀನಲ್ಲ’ ಎಂದ ಬಾಮೈದ.

‘ಹಾಗಾದ್ರೆ ಎಲ್ಲರೂ ಒಳಗೇ ಬಂದ್ರಾ? ಎಲ್ಲರೂ? ನಿಮ್ಮಜ್ಜ ಇದ್ದಿದ್ರೆ ನಿಮ್ಮನ್ನೆಲ್ಲ ಸಾಲಾಗಿ ನಿಲ್ಸಿ ಒದೀತಿದ್ರು. ನನ್ನನ್ನೂ ಸೇರಿಸಿ.’

ಅಳಿಯ ಎಂಬ ಒಬ್ಬನಿದ್ದಾನೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಆಗದಿದ್ದುದು ಅವರ ತಪ್ಪೂ ಅಲ್ಲ. ಆ ಮನೆಗೆ ಬಂದ ದಿನದಿಂದ ಅವನು ಒಳಗೇ ಇದ್ದವನು, ಒಂದು ದಿನವೂ ಯಾರಿಗಾಗಿಯೂ ಹೊರಗೆ ನಿಂತವನಲ್ಲ.

ಮಾಲೀಕನನ್ನು ಕರೆತರೋಣವೆಂದು ಅವನು ಮೆಟ್ಟಿಲವರೆಗೆ ಹೋದ. ಅಲ್ಲಿ ಬಿಸಿಲಿತ್ತು, ಗಾಳಿಯಿತ್ತು. ಮನೆಯವರೆಲ್ಲ ಆನೆ ಗುದ್ದಿದರೂ ಅಲ್ಲಾಡದ ಬಾಗಿಲ ಹಿಂದೆ, ತಾನೊಬ್ಬನೇ ಹೊರಗೆ. ತಿಂಗಳುಗಟ್ಟಲೆ ಒಳಗೊಳಗೇ ಬೇಡಿದ ಸುಖ ಹೀಗೆ ಮಡಿಲಿಗೆ ಬಂದು ಬಿದ್ದಿತ್ತು. ಅವಸರವೇನು, ಮಾಲೀಕ ಹೇಗೂ ಬರುತ್ತಾನೆ, ಎಂದು ಮೆಟ್ಟಿಲ ಮೇಲೆ ಕೂತ. ಹಾಯೆನಿಸಿತು.

ಆಗ ಬೆನ್ನು ತುರಿಸಿತು. ಕೈ ಎಟುಕದ ಜಾಗ. ಹಾಳಾದ ತುರಿಕೆ, ಎಂದುಕೊಂಡು ಗೋಡೆಗೆ ಒರಗಿ ಉಜ್ಜಿಕೊಂಡ. ಗೋಡೆಯ ಆ ಬದಿ ಬಚ್ಚಲು. ಬೆನ್ನಿಗೆ ಸಣ್ಣಗೆ, ಆದರೆ ಬಿಡದೆ, ಟಕ್ ಟಕ್ ಎಂದಿತು.

ಎದ್ದು ಬಾಗಿಲ ಹತ್ತಿರ ಓಡಿ ಅವನೂ ತಟ್ಟಿದ. ಒಳಗಿನ ಗದ್ದಲ ತಟ್ಟನೆ ನಿಂತಿತು.

‘ಯಾರದು?’ ಎಂದಳು ಅಜ್ಜಿ.

‘ನಾನು.’

‘ನಾನು ಅಂದ್ರೆ ಯಾರಪ್ಪ? ನಮ್ಮವರೆಲ್ಲ ಒಳಗಿದ್ದೀವಿ.’

‘ನಾನಜ್ಜಿ, ಅಳಿಯ. ಹೊರಗಿದ್ದೀನಿ.’

ಆಮೇಲೆ ಒಳಗಿನಿಂದ ಎಲ್ಲರೂ ಒಟ್ಟಿಗೆ ಬಾಗಿಲು ಬಡಿಯತೊಡಗಿದರು. ಕೈ, ಕೋಲು, ಚೊಂಬು, ಬಕೆಟ್ಟು, ಏನೇನು ಸಿಕ್ಕಿತೋ ಅದರಲ್ಲೆಲ್ಲ. ಅದೇನು ಉತ್ತರವೋ ಮೆರವಣಿಗೆಯೋ ಎನ್ನುವಂತಿತ್ತು. ಅವನಿಗೆ ನಗು ತಡೆಯಲಾಗಲಿಲ್ಲ. ಒಳಗೂ ನಗು ಹತ್ತಿಕೊಂಡಿತು. ಮಾವನ ನಗು ಕೆಮ್ಮಾಯಿತು, ಅತ್ತೆಯ ನಗು ಬಿಕ್ಕಳಿಕೆಯಾಯಿತು.

‘ಇರಿ, ಮಾಲೀಕರನ್ನ ಕರ್ಕೊಂಡು ಬರ್ತೀನಿ’ ಎಂದ.

‘ಎಲ್ಲಿಗೆ?’ ಅಜ್ಜಿ ಗದರಿದಳು. ‘ಎಲ್ಲಿದ್ದಾನೆ ಅವನು?’

‘ಚಹಾ ಅಂಗಡೀಲಿ.’

‘ಸತ್ರೂ ಹೋಗಕೂಡದು. ಹೊರಗೆ ನಿಂತವನು ಚಹಾ ಅಂಗಡಿ ಕಡೆ ಮುಖ ಹಾಕಬಾರದು. ಅಷ್ಟು ದಿನ ಗಿರಣಿ ನಿಂತಿದ್ದು ಇನ್ಯಾತಕ್ಕೆ? ಅಲ್ಲೇ ನಿಲ್ಲು.’

ನಿಂತ. ತಟ್ಟಿದ. ಅವರು ತಟ್ಟಿದರು. ನಡುನಡುವೆ ಹೆಂಡತಿ ಆ ತೂತಿಗೆ ಬಾಯಿಟ್ಟು ಕೇಳುತ್ತಿದ್ದಳು: ‘ಕಾಲು ನೋಯ್ತಿದೆಯಾ ರೀ?’ ‘ಇಲ್ಲ ಕಣೆ.’ ‘ಸುಳ್ಳು.’ ‘ಸ್ವಲ್ಪ.’ ಬಾಮೈದ ಹಿಂದಿನಿಂದ, ‘ಭಾವ, ಅಜ್ಜಿ ನಿಮ್ಮ ಬಕೆಟ್ಟಿನ ಮೇಲೆ ಕೂತಿದ್ದಾರೆ, ಎದ್ದೇಳಲ್ಲ ಅಂತಿದ್ದಾರೆ, ಮನೆ ಹಿಡಿಸಿದೆ ಅಂತ ಕಾಣುತ್ತೆ’ ಎಂದ.

ಮಾಲೀಕ ಕೊನೆಗೂ ಮೀಸೆಯ ಮೇಲಿನ ಚಹಾ ಒರೆಸಿಕೊಳ್ಳುತ್ತ ಬಂದಾಗ, ಬಾಡಿಗೆಗೆ ಬಂದವನು ಬಚ್ಚಲ ಬಾಗಿಲ ಜೊತೆ ಮಾತಾಡಿಕೊಂಡು ನಗುತ್ತಿದ್ದ. ‘ಆನೆ ಗುದ್ದಿದ್ರೂ ಅಲ್ಲಾಡದ ಬಾಗಿಲು ಇದು’ ಎನ್ನುತ್ತಲೇ ಮಾಲೀಕ ಇಕ್ಕಳ ತಂದು ತೂತಿಗೆ ಹಾಕಿ ತಿರುಗಿಸಿದ. ಮೊದಲು ಒಂದು ಕೋಲು ಹೊರಗೆ ಬಂತು, ಅದರ ಹಿಂದೆ ಅಜ್ಜಿ. ಆಮೇಲೆ ಅತ್ತೆ. ಆಮೇಲೆ ಮಾವ, ಬಾಮೈದ, ಹೆಂಡತಿ. ಮಾಲೀಕ ಒಳಗೆ ಇಣುಕಿ ಇನ್ನೂ ಯಾರಾದರೂ ಉಳಿದಿದ್ದಾರೆಯೇ ಎಂದು ನೋಡಿದ.

‘ಇಬ್ಬರೇ ಅಂದಿದ್ರಿ’ ಎಂದ.

‘ಇಬ್ಬರೇ.’

‘ಇಬ್ಬರು ಅಂತ ಹೇಳಿ ಬಚ್ಚಲಲ್ಲೇ ಇಷ್ಟು ಜನ. ಇನ್ನು ಹಾಲ್‌ನಲ್ಲಿ ಎಷ್ಟು ಜನ ತುಂಬ್ತೀರೋ. ಟ್ಯಾಂಕಿನ ನೀರು ಏನಾಗಬೇಕು? ಮನೆ ಕೊಡಲ್ಲ, ನಡೀರಿ.’

‘ಬಾಗಿಲೇ ಸರಿ ಇಲ್ಲದ ಮನೆ ಯಾವನಿಗೆ ಬೇಕು’ ಎಂದು ಅಜ್ಜಿ ಎಲ್ಲರಿಗಿಂತ ಮೊದಲೇ ಮೆಟ್ಟಿಲಿಳಿಯತೊಡಗಿದಳು. ಅರ್ಧ ಇಳಿದು ತಿರುಗಿ, ‘ಆನೆ ಗುದ್ದಿದ್ರೂ ಅಲ್ಲಾಡಲ್ಲ ಅಂತ ಹೆಮ್ಮೆ ಬೇರೆ. ಒಳಗೆ ನೀನಿದ್ದಾಗ ಗೊತ್ತಾಗುತ್ತೆ’ ಎಂದಳು.

ಮನೆಗೆ ನಡೆಯುವಾಗ ಗಂಡ ಹೆಂಡತಿ ಉಳಿದವರಿಗಿಂತ ಹಿಂದೆ ಬಿದ್ದರು.

‘ಬೇರೆ ಮನೆ ನೋಡೋಣ್ವಾ?’ ಎಂದು ಅವಳೇ ಕೇಳಿದಳು.

‘ನೋಡೋಣ. ಬಾಗಿಲು ಹಗುರ ಇರೋದು.’

‘ಹೊರಗೆ ಯಾರು ನಿಲ್ತಾರೆ?’

‘ನಾನು.’

ಅವಳು ಅವನ ಮುಖವನ್ನು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ನೋಡಿದಳು. ‘ಹಾಗಾದ್ರೆ ಬರ್ತೀನಿ’ ಎಂದಳು.

ಎರಡು ಬೀದಿ ಆಚೆ, ತಗಡಿನ ಬಾಗಿಲ ಬಚ್ಚಲಿರುವ ಪುಟ್ಟ ಮನೆ ಸಿಕ್ಕಿತು. ಮೊದಲ ಭಾನುವಾರ ಹೆಂಡತಿ ತಲೆಗೆ ಎರೆದುಕೊಳ್ಳಲು ಹೋದಳು. ಗಡಿಯಾರ ರಿಪೇರಿಯವನು ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು, ಮಾಡುತ್ತಿದ್ದ ಕೆಲಸ ಬಿಟ್ಟು, ಬಚ್ಚಲ ಮುಂದೆ ಬಂದು ನಿಂತ. ತಟ್ಟಿದ. ಒಳಗಿನಿಂದ ಚೊಂಬಿನ ಸದ್ದು ಉತ್ತರ ಕೊಟ್ಟಿತು. ಹೇಳಬೇಕಾದ ಮಾತೆಂದರೆ ಅವನಿಗೆ ಅದು ಬೇಸರವೆನಿಸಲಿಲ್ಲ. ಒಳಗಿರುವವನಿಗೆ ಕಿರಿಕಿರಿ, ಹೊರಗೆ ನಿಂತವನಿಗೆ ಸಮಾಧಾನ, ಇದು ಅಂಥ ಕೆಲಸ. ಇಷ್ಟು ದಿನ ತನ್ನ ಸ್ನಾನ ಕೆಡಿಸಿ ಆ ಮನೆಯವರೆಲ್ಲ ಎಷ್ಟು ನೆಮ್ಮದಿಯಾಗಿದ್ದರು ಎಂದು ನೆನೆದು ಮೈ ಉರಿಯಿತು, ನಗುವೂ ಬಂತು.

ಇನ್ನೊಂದು ಸಲ ತಟ್ಟಲು ಕೈ ಎತ್ತುವಾಗ ಬೀದಿ ಬಾಗಿಲ ಮೇಲೆ ಟಕ್ ಟಕ್ ಎಂದಿತು.

‘ಯಾರು?’ ಎಂದ. ಉತ್ತರವಿಲ್ಲ. ಮತ್ತೆ ಟಕ್ ಟಕ್. ಕೋಲಿನ ಸದ್ದು.

‘ಅಜ್ಜಿ, ನಾನು ಇಲ್ಲಿ ಬಚ್ಚಲ ಹೊರಗೇ ನಿಂತಿದ್ದೀನಿ’ ಎಂದು ಕೂಗಿದ.

‘ಬಚ್ಚಲಿಗೆ ಹೊರಗೆ ಇರಬಹುದಪ್ಪ. ಮನೆಗೆ ನೀವಿಬ್ಬರೂ ಒಳಗೇ ತಾನೇ?’

ಮೂರನೆಯ ಸಲ ತಟ್ಟಿದರೆ ಬಾಗಿಲ ಗತಿ ಏನೆಂಬುದು ಅವನಿಗೆ ಗೊತ್ತಿತ್ತು. ಅಜ್ಜಿಯ ಹಿಂದೆ ಮಾವ ಆಗಲೇ ತೋಳು ಮಡಚುತ್ತಿರಬೇಕು. ಅವನು ಓಡಿಹೋಗಿ ಬೀದಿ ಬಾಗಿಲಿಗೆ ಒಳಗಿನಿಂದ ಟಕ್ ಟಕ್ ಎಂದು ತಟ್ಟಿದ. ಹಿಂದೆ ಬಚ್ಚಲಿನಿಂದ ಹೆಂಡತಿಯೂ ತಟ್ಟತೊಡಗಿದಳು, ಇವನು ಎಲ್ಲಿ ಸತ್ತನೋ ಎಂದು.